ನಕ್ಷೆ ಕಿರಿದಾದರೆ ಮನೆ ಹೊಳೆ ದಾಟಬೇಕೇ?

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಕೊಡಗಿನಲ್ಲಿ ಎಲ್ಲರ ಮೊಬೈಲಿನಲ್ಲೂ ಒಂದಲ್ಲ ಒಂದು ಪ್ರವಾಹದ ನಕ್ಷೆ ಓಡಾಡುತ್ತದೆ. ಒಳ್ಳೆಯದೇ. ಆದರೆ ಮೊನ್ನೆ ಅಂಥದ್ದೊಂದರಲ್ಲಿ (ಯಾರದ್ದು ಅನ್ನುವುದು ಬೇಡ) ಕರಡಿಗೋಡಿನ ಹೊಳೆಬದಿ ನೋಡುತ್ತಿದ್ದೆ. ಹತ್ತಿರಕ್ಕೆ ಎಳೆದು ನೋಡಿದರೆ ಮನೆಗಳ ಸಾಲು ಕಾವೇರಿಯ ಈಚೆ ದಡದಲ್ಲಿ ಸರಿಯಾಗಿಯೇ ಇತ್ತು. ಝೂಮ್ ಸ್ವಲ್ಪ ಕಡಿಮೆ ಮಾಡಿದ್ದೇ ತಡ, ಅವೇ ಮನೆಗಳು ಆಚೆ ದಡದಲ್ಲಿದ್ದವು!

ಇದು ಯಾಕಾಗುತ್ತದೆ? 1:10,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ 10 ಮೀಟರ್. 1:2,50,000ರಲ್ಲಿ ಅದೇ ಮಿಲಿಮೀಟರ್ 250 ಮೀಟರ್. ಹೊಳೆಯ ಸಣ್ಣ ತಿರುವುಗಳಿಗೆ ಅಲ್ಲಿ ಜಾಗವಿಲ್ಲ, ನೇರ ಮಾಡಲೇಬೇಕು. ಡಗ್ಲಸ್ ಮತ್ತು ಪ್ಯೂಕರ್ ಎಂಬ ಸಂಶೋಧಕರು 1973ರಲ್ಲಿ ಕೊಟ್ಟ ವಿಧಾನ ಇದಕ್ಕೆ ಈಗಲೂ ಬಳಕೆಯಲ್ಲಿದೆ. ಎರಡು ತುದಿ ಸೇರಿಸುವ ನೇರ ಗೆರೆಯಿಂದ ಜಾಸ್ತಿ ದೂರ ಹೋಗದ ಬಿಂದುಗಳನ್ನು ಅದು ಕೈಬಿಡುತ್ತದೆ. ತೊಂದರೆ ಏನೆಂದರೆ, ಅದು ನೋಡುವುದು ಗೆರೆಯನ್ನು ಮಾತ್ರ. ತಿರುವಿನ ಒಳಗೆ ಮನೆ ಇದೆಯೋ ತೋಟ ಇದೆಯೋ ಅದಕ್ಕೆ ಬೇಕಿಲ್ಲ. ಮನೆ ಇದ್ದಲ್ಲೇ ಇರುತ್ತದೆ, ಹೊಳೆ ಅದರ ಮೇಲೆ ಹಾದು ಆಚೆಗೆ ಸರಿಯುತ್ತದೆ. ಕೈಯಲ್ಲಿ ನಕ್ಷೆ ಬರೆಯುತ್ತಿದ್ದವರು ಹೀಗಾಗುವಾಗ ಮನೆಯ ಗುರುತನ್ನೇ ತುಸು ಜರುಗಿಸುತ್ತಿದ್ದರು. ಜಾಗ ಚೂರು ತಪ್ಪಿದರೂ ದಡ ತಪ್ಪುತ್ತಿರಲಿಲ್ಲ.

ಗಡಿಯದ್ದೂ ಇದೇ ಕಥೆ. ಕುಶಾಲನಗರದಲ್ಲಿ ಕಾವೇರಿಯೇ ಜಿಲ್ಲೆಯ ಗಡಿ, ಸೇತುವೆ ದಾಟಿದರೆ ಕೊಪ್ಪ, ಮೈಸೂರು ಜಿಲ್ಲೆ. ಹೊಳೆ ಒಂದು ಕಡತದಲ್ಲಿ, ಗಡಿ ಇನ್ನೊಂದರಲ್ಲಿ ಇಟ್ಟು ಬೇರೆ ಬೇರೆಯಾಗಿ ನೇರ ಮಾಡಿದರೆ ನಡುವೆ ಯಾರಿಗೂ ಸೇರದ ಜಾಗದ ಚೂರುಗಳು ಹುಟ್ಟಿಕೊಳ್ಳುತ್ತವೆ. ಹೊಳೆಯೇ ಗಡಿಯಾದ ಕಡೆ ಗೆರೆಯನ್ನು ಒಂದೇ ಸಲ ದಾಖಲಿಸಿ ಎರಡಕ್ಕೂ ಅದನ್ನೇ ಬಳಸಿದರೆ ಮುಗಿಯಿತು, ಅಲ್ವಾ?

ಹಾಗಂತ ಎಲ್ಲ ಬದಲಾವಣೆಯೂ ತಪ್ಪಲ್ಲ. ಚಿಕ್ಕ ನಕ್ಷೆಯಲ್ಲಿ ಕಾವೇರಿ ಒಂದೇ ಗೆರೆಯಾದಾಗ ನಿಸರ್ಗಧಾಮದ ದ್ವೀಪ ಕಾಣದಿದ್ದರೆ ಯಾರೂ ದೂರುವುದಿಲ್ಲ. ಆದರೆ ದ್ವೀಪ ಹೋದ ಮೇಲೆ ಅದರ ತೂಗುಸೇತುವೆಯೂ ಹೋಗಬೇಕು. ನೀರಿನ ಮೇಲೆ ಸುಮ್ನೆ ಸೇತುವೆಯೊಂದೇ ಉಳಿದರೆ ನೋಡಿದವರು ನಗುತ್ತಾರೆ.

ಎರಡು ಜಾಗಗಳು ಒಂದರೊಳಗೊಂದು ಇವೆಯೇ, ಬರೀ ತಾಗಿಕೊಂಡಿವೆಯೇ, ಬೇರೆಯೇ ಇವೆಯೇ ಎಂದು ಕಂಪ್ಯೂಟರ್ ಪರೀಕ್ಷಿಸುವ ಕ್ರಮವನ್ನು ಎಗೆನ್‌ಹೋಫರ್ ಎಂಬ ಸಂಶೋಧಕ ಮತ್ತಿತರರು 1990ರ ಸುಮಾರಿಗೇ ರೂಪಿಸಿದ್ದಾರೆ. ದೊಡ್ಡ ನಕ್ಷೆಯಲ್ಲಿದ್ದ ಸಂಬಂಧ ಚಿಕ್ಕದರಲ್ಲೂ ಉಳಿದಿದೆಯೇ ಎಂದು ನೋಡುವುದು ಹೊಸ ವಿದ್ಯೆಯೇನಲ್ಲ. ಪ್ರವಾಹದ ನಕ್ಷೆ ಮಾಡುವವರು ಪ್ರತಿ ಝೂಮ್ ಮಟ್ಟದಲ್ಲೂ ಈ ಪರೀಕ್ಷೆ ಮಾಡಿಯೇ ಜನರ ಕೈಗೆ ಕೊಡಲಿ. ಹೊಳೆಬದಿಯ ಪ್ರತಿ ಮನೆಯ ದಾಖಲೆಯಲ್ಲಿ ಅದು ಯಾವ ದಡದ್ದು ಎಂದು ಬರೆದಿಡಲಿ. 2019ರಲ್ಲಿ ನೀರು ನುಗ್ಗಿದ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಿಂದ ಶುರು ಮಾಡಬಹುದು. ದೋಣಿ ಯಾವ ದಡಕ್ಕೆ ಕಳಿಸಬೇಕೆಂದು ನಿರ್ಧರಿಸುವವರು ಮಡಿಕೇರಿಯಲ್ಲಿ ಕುಳಿತು ನೋಡುವುದು ಇಡೀ ಜಿಲ್ಲೆಯ ಚಿಕ್ಕ ನಕ್ಷೆಯನ್ನೇ.

ಇಂತಿ,
ಒಬ್ಬ ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು