ಮೋಡವಿಲ್ಲದ ಬೆಳಗು ಬೇಡ, ಮೋಡದ ವಿವರ ಕೊಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬೆಂಗಳೂರಿನ ಸುತ್ತಮುತ್ತಲ ಬೆಟ್ಟಗಳಲ್ಲಿ ಸೂರ್ಯೋದಯದ ಫೋಟೊ ತೆಗೆಯುವ ಬಗ್ಗೆ ಇಡೀ ಒಂದು ಪುಟ ಬಂದಿತ್ತು. ನಂದಿ, ಸ್ಕಂದಗಿರಿ, ಶಿವಗಂಗೆ, ಸಾವನದುರ್ಗ ಎಲ್ಲವೂ ಇದ್ದವು. ಇಂಥ ವಿಷಯಕ್ಕೆ ಒಂದು ಪುಟ ಕೊಟ್ಟಿದ್ದೇ ದೊಡ್ಡದು, ಅದಕ್ಕೆ ಥ್ಯಾಂಕ್ಸ್. ಆದರೆ ಅದರಲ್ಲಿದ್ದ ಎರಡು ಸಲಹೆ ಓದಿ ಸುಮ್ನೆ ಇರಲಾಗಲಿಲ್ಲ. ಮೋಡವಿಲ್ಲದ ದಿನ ನೋಡಿಕೊಂಡು ಹೋಗಬೇಕಂತೆ, ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ ತುದಿ ಮುಟ್ಟಬೇಕಂತೆ. ಇವೆರಡನ್ನೂ ಚಾಚೂ ತಪ್ಪದೆ ಪಾಲಿಸಿದವರಿಗೆ ಸಿಗುವುದು ಬೋಳು ಆಕಾಶ, ಅದರಲ್ಲಿ ಒಂದು ಬಿಳಿ ಚುಕ್ಕೆ.

ಮೋಡವೇ ಇಲ್ಲದ ಬೆಳಗ್ಗೆ ಬೆಟ್ಟದ ಮೇಲೆ ನಿಂತರೆ ಕಣ್ಣಿಗೆ ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಫೋಟೊಗೆ ಮಾತ್ರ ಏನೂ ಉಳಿಯುವುದಿಲ್ಲ. ಬಿಸಿಲು ಓರೆಯಾಗಿ ಗಾಳಿಯಲ್ಲಿ ಬಹಳ ದೂರ ಹಾದು ಬರುವಾಗ ಅದರ ನೀಲಿಯೆಲ್ಲ ದಾರಿಯಲ್ಲೇ ಚದುರಿಹೋಗಿ ಕೆಂಪು, ಕಿತ್ತಳೆ ಉಳಿಯುತ್ತದೆ. ಉಳಿದದ್ದು ಎತ್ತರದ ಮೋಡದ ಹೊಟ್ಟೆಗೆ ತಗುಲಿದರೆ ತಾನೇ ಆಕಾಶ ಕೆಂಪಾಗುವುದು? ತಗುಲುವುದಕ್ಕೆ ಮೋಡ ಇರಬೇಕು ಅಲ್ವಾ.

ಇದರಲ್ಲಿ ಒಂದು ಮಜಾ ಇದೆ. ಏಳೆಂಟು ಕಿಲೋಮೀಟರ್ ಎತ್ತರದ ಮೋಡಕ್ಕೆ ಕೆಳಗಿನಿಂದ ಬಿಸಿಲು ತಗುಲಬೇಕಾದರೆ ಅದು ಸುಮಾರು 300 ಕಿ.ಮೀ. ಆಚೆ ನೆಲವನ್ನು ಸವರಿಕೊಂಡು ಬರಬೇಕು. ನಮ್ಮೂರಿನಿಂದ ನೇರ ಪೂರ್ವಕ್ಕೆ ಅಷ್ಟು ದೂರದಲ್ಲಿರುವುದು ಚೆನ್ನೈ. ಅಂದರೆ ನಮ್ಮ ತಲೆ ಮೇಲಿನ ಮೋಡ ಕೆಂಪಾಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಚೆನ್ನೈ ಕಡೆಯ ಆಕಾಶ. ಅದೂ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನಲ್ಲಿ. ಡಿಸೆಂಬರ್‌ನಲ್ಲಿ ಸೂರ್ಯ ಪೂರ್ವದಿಂದ 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು ಹುಟ್ಟುವುದರಿಂದ ಪುದುಚೇರಿ ಕಡೆ ನೋಡಿಕೊಳ್ಳಬೇಕು, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ, ನೆಲ್ಲೂರು ಕಡೆ. ರಾತ್ರಿ ಮಲಗುವ ಮುಂಚೆ ಹವಾಮಾನ ಇಲಾಖೆಯ ವೆಬ್‌ಸೈಟ್‌ನಲ್ಲಿ ಇನ್ಸಾಟ್ ಉಪಗ್ರಹದ ಚಿತ್ರ ತೆರೆದು ನೋಡಿದರೆ ಸಾಕು, ಅರ್ಧ ಗಂಟೆಗೊಮ್ಮೆ ಹೊಸದು ಬರುತ್ತಿರುತ್ತದೆ, ಬಿಟ್ಟಿ. ನಮ್ಮ ಮೇಲೆ ತೆಳು ಮೋಡ, ಕರಾವಳಿ ಮೇಲೆ ಖಾಲಿ ಅಂತಿದ್ದರೆ ಅಲಾರಂ ಇಡಿ. ಉಲ್ಟಾ ಇದ್ದರೆ ನೆಮ್ಮದಿಯಾಗಿ ಮಲಗಿ. ಪೂರ್ವದಲ್ಲಿ ದಟ್ಟ ಮೋಡ ಕೂತಿದ್ದರೆ ನಮ್ಮ ಮೇಲೆ ಎಷ್ಟೇ ಚೆಂದದ ಮೋಡ ಇದ್ದರೂ ಬೂದಿ ಬಣ್ಣದಲ್ಲೇ ಬೆಳಗಾಗುತ್ತದೆ.

ಚಂಡಮಾರುತ ಬಂದಾಗಲೂ ಇದನ್ನು ನೋಡಬಹುದು. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಪುದುಚೇರಿ ಹತ್ತಿರ ದಡ ಮುಟ್ಟಿದಾಗ ಬೆಂಗಳೂರಿನಲ್ಲೂ ಜಡಿಮಳೆ, ಚಳಿ, ಬಿಸಿಲೇ ಕಾಣಲಿಲ್ಲ. ಇಂಥ ಹೊತ್ತಿನಲ್ಲಿ ಬೆಟ್ಟಕ್ಕೆ ಹೋಗಿ ಏನೂ ಪ್ರಯೋಜನವಿಲ್ಲ. ಆದರೆ ಅದು ಒಡೆದು ಚದುರುವ ದಿನ ಇದೆಯಲ್ಲ, ಅದನ್ನು ಬಿಡಬಾರದು. ಮಳೆಗೆ ದೂಳೆಲ್ಲ ತೊಳೆದುಹೋಗಿರುತ್ತದೆ, ದೂರದ ಬೆಟ್ಟಗಳ ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಕಾಣುತ್ತದೆ, ಚೂರುಪಾರು ಮೋಡ ಬೇರೆ ಬೇರೆ ಎತ್ತರದಲ್ಲಿ ಓಡಾಡುತ್ತಿರುತ್ತದೆ. ಹವಾಮಾನ ಬದಲಾಗುವ ಹೊತ್ತು ಅಂದರೆ ಅದು. ಕೆಟ್ಟ ಹವಾಮಾನವೂ ಅಲ್ಲ, ಒಳ್ಳೆಯದೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವ ಒಂದೆರಡು ಗಂಟೆ.

ಸಮಯದ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಸೂರ್ಯೋದಯ ವರ್ಷವಿಡೀ ಒಂದೇ ಹೊತ್ತಿಗೆ ಆಗುವುದಿಲ್ಲ. ಮೇ ಕೊನೆ, ಜೂನ್ ಮೊದಲ ವಾರದಲ್ಲಿ 5.52ರ ಸುಮಾರಿಗೆ, ಜನವರಿ ಕೊನೆಯಲ್ಲಿ 6.46ರ ಸುಮಾರಿಗೆ. (ಡಿಸೆಂಬರ್ 21ಕ್ಕೇ ಎಲ್ಲಕ್ಕಿಂತ ತಡ ಅಂತ ತುಂಬಾ ಜನ ನಂಬಿದ್ದಾರೆ, ಮನೆಯ ಕ್ಯಾಲೆಂಡರ್ ತೆಗೆದು ನೋಡಲಿ.) ಹೆಚ್ಚುಕಡಿಮೆ ಒಂದು ಗಂಟೆಯ ವ್ಯತ್ಯಾಸ. ಬೆಟ್ಟದ ತುದಿಯಲ್ಲಿ ನಿಂತವರಿಗೆ ದಿಗಂತ ಇನ್ನೂ ತಗ್ಗಿ ಕಾಣುವುದರಿಂದ ಬಯಲಿನವರಿಗಿಂತ ಎರಡು ಮೂರು ನಿಮಿಷ ಮುಂಚೆಯೇ ಸೂರ್ಯ ಕಾಣಿಸುತ್ತಾನೆ. ಆದರೆ ಎತ್ತರದ ಮೋಡಕ್ಕೆ ಬಣ್ಣ ಬರುವುದು ಅದಕ್ಕೂ ಮುಂಚೆ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿರುವಾಗ ಶುರುವಾಗುವ ನಸುಕಿನ ಬೆಳಕು ನಮ್ಮಲ್ಲಿ ಇರುವುದು 22 ನಿಮಿಷದ ಹಾಗೆ. ಆ ಹೊತ್ತಿಗೆ ನೀವು ಇನ್ನೂ ಪಾರ್ಕಿಂಗ್ ಹುಡುಕುತ್ತಿದ್ದರೆ ಆಟ ಮುಗಿದಂತೆ.

ಗೋಲ್ಡನ್ ಅವರ್ (ಬಿಸಿಲು ಹೊಂಬಣ್ಣದಲ್ಲಿರುವ ಒಂದು ಗಂಟೆ) ಅಂತ ನಿಮ್ಮ ಲೇಖನದಲ್ಲೂ ಇತ್ತು. ಅದು ಯುರೋಪಿನವರ ಲೆಕ್ಕ. ಅಲ್ಲಿ ಸೂರ್ಯ ದಿಗಂತದ ಉದ್ದಕ್ಕೂ ಜಾರುತ್ತಾ ನಿಧಾನವಾಗಿ ಏರುತ್ತಾನೆ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಏರಿಬಿಡುತ್ತಾನೆ, ಇಲ್ಲಿ ಗೋಲ್ಡನ್ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಹುಟ್ಟಿದ ಮೇಲೆ 25 ನಿಮಿಷಕ್ಕೆಲ್ಲ ಬಿಸಿಲು ಬಿಳಿಚಿಕೊಳ್ಳುತ್ತದೆ.

ಮಂಜಿನ ವಿಷಯ ಬೇರೆ. ನಂದಿಯ ಕೆಳಗೆ ಹಾಲು ಚೆಲ್ಲಿದ ಹಾಗೆ ಮೋಡ ಹರಡಿರುವ ಫೋಟೊ ಎಲ್ಲರೂ ನೋಡಿದ್ದೀರಿ, ಅದು ಸಿಗಲಿಲ್ಲ ಅಂತ ಬೈದುಕೊಂಡು ಬರುವವರನ್ನೂ ನೋಡಿದ್ದೀರಿ. ಅದು ದಿನಾ ಸಿಗುವಂಥದ್ದಲ್ಲ, ಆದರೆ ಬರೀ ಅದೃಷ್ಟವೂ ಅಲ್ಲ. ನೆಲದಲ್ಲಿ ಪಸೆ ಇರಬೇಕು, ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ಬೀಸುತ್ತಿರಬಾರದು. ಆಗ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ತಗ್ಗಿಗೆ ಇಳಿದು ಅಲ್ಲೇ ಮಂಜಾಗಿ ಕೂರುತ್ತದೆ, ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಇರುತ್ತದೆ. ನಂದಿ ಸಮುದ್ರಮಟ್ಟದಿಂದ 1,478 ಮೀಟರ್, ಸುತ್ತಲ ಬಯಲು ಸುಮಾರು 900. ಮಂಜಿನ ಪದರ ತೆಳುವಾಗಿದ್ದರೆ ನಾವು ಆರಾಮಾಗಿ ಅದರ ಮೇಲಿರುತ್ತೇವೆ. ಸ್ವಾತಿ ಮಳೆ ಹಿಂತೆಗೆದ ಮೇಲೆ, ಸಂಜೆ ಮಳೆ ಬಂದು ರಾತ್ರಿ ನಕ್ಷತ್ರ ಕಂಡರೆ ಮಾರನೇ ಬೆಳಗ್ಗೆ ಹೊರಡುವುದರಲ್ಲಿ ಅರ್ಥವಿದೆ. ಒಂದು ಎಚ್ಚರಿಕೆ, ಈ ನೆಲದ ಮಂಜು ಉಪಗ್ರಹದ ರಾತ್ರಿ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ, ಏಕೆಂದರೆ ಮಂಜಿಗೂ ನೆಲಕ್ಕೂ ತಾಪಮಾನ ಹೆಚ್ಚುಕಡಿಮೆ ಒಂದೇ.

ಮುಂಗಾರಿನಲ್ಲಿ ಇದೆಲ್ಲ ತಲೆಕೆಳಗು. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಹೊತ್ತು ತರುವ ಮೋಡ ಬೆಟ್ಟದ ತುದಿಯ ಮಟ್ಟದಲ್ಲೇ ಓಡುತ್ತದೆ, ನಾವು ಅದರ ಹೊಟ್ಟೆಯೊಳಗೆ ನಿಂತಿರುತ್ತೇವೆ. ಸೂರ್ಯ ಎಲ್ಲಿದ್ದಾನೆ ಅಂತಲೇ ಗೊತ್ತಾಗುವುದಿಲ್ಲ. ಜನ ಹತ್ತು ನಿಮಿಷ ಕಾದು ಕ್ಯಾಂಟೀನ್ ಕಡೆ ನಡೆಯುತ್ತಾರೆ. ಅವರು ಹೋದ ಮೇಲೆ ಎಲ್ಲೋ ಮೋಡ ಒಂದಿಷ್ಟು ಹರಿದು, ಒಂದು ಬಂಡೆಯ ಮೇಲೆ ಮಾತ್ರ ಬಿಸಿಲು ಬಿದ್ದು, ಕ್ಯಾಮೆರಾ ಎತ್ತುವುದರೊಳಗೆ ಮತ್ತೆ ಮುಚ್ಚುತ್ತದೆ. ನನ್ನ ಕೇಳಿದರೆ ವರ್ಷದಲ್ಲಿ ಇದೇ ಅತ್ಯುತ್ತಮ ಕಾಲ, ಕಪ್ಪು ಬಿಳುಪಿಗಂತೂ ಇದಕ್ಕಿಂತ ಒಳ್ಳೆಯದಿಲ್ಲ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯಲ್ಲಿ ಇದು ಇನ್ನೂ ಜೋರು, ಅಲ್ಲಿ ಗಾಳಿಗೆ ಟ್ರೈಪಾಡ್ ನಿಲ್ಲಿಸುವುದೇ ಒಂದು ಸಾಹಸ. ಅಪಾಯವೂ ಇದೆ, ಮುಚ್ಚಿಡಬಾರದು. ಸಾವನದುರ್ಗದಂಥ ಒಂಟಿ ಬಂಡೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. 2021ರ ಆಗಸ್ಟ್‌ನಲ್ಲಿ ಮಳೆಗೆ ನಂದಿಯ ರಸ್ತೆಯೇ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿತ್ತು. ಗುಡುಗು ಕೇಳಿಸಿದರೆ ಫೋಟೊ ಆಮೇಲೆ, ಮೊದಲು ಇಳಿಯಿರಿ.

ನಿಮ್ಮ ಲೇಖನದಲ್ಲಿ ಇಲ್ಲದ್ದು ಇನ್ನೊಂದು, ಪಶ್ಚಿಮ. ಬೆಟ್ಟದ ಮೇಲೆ ಎಲ್ಲರೂ ಪೂರ್ವಕ್ಕೆ ಮೊಬೈಲ್ ಎತ್ತಿ ನಿಂತಿರುತ್ತಾರೆ, ಒಬ್ಬರೂ ಹಿಂದೆ ತಿರುಗಿ ನೋಡುವುದಿಲ್ಲ. ಸೂರ್ಯ ಹುಟ್ಟುವ ಹತ್ತು ಹದಿನೈದು ನಿಮಿಷ ಮುಂಚೆ ಪಶ್ಚಿಮದ ದಿಗಂತದಲ್ಲಿ ನೀಲಿ ಬೂದಿ ಬಣ್ಣದ ಒಂದು ಪಟ್ಟಿ, ಅದರ ಮೇಲೆ ಗುಲಾಬಿ ಬಣ್ಣದ ಇನ್ನೊಂದು ಪಟ್ಟಿ ಕಾಣುತ್ತದೆ. ಕೆಳಗಿನದು ಭೂಮಿಯದೇ ನೆರಳು. ಸೂರ್ಯ ಮೇಲೇರಿದಂತೆ ಅದು ಕೆಳಗಿಳಿದು ಮಾಯವಾಗುತ್ತದೆ. ಮೋಡವಿಲ್ಲದ ದಿನ ಹೋಗಲೇಬೇಕಾದವರಿಗೆ ಇದೊಂದು ಸಮಾಧಾನ. ಇನ್ನು ಬಿಸಿಲು ಬೆನ್ನಿಗಿದ್ದು ಎದುರಿನ ಕಣಿವೆಯಲ್ಲಿ ಮಂಜಿದ್ದರೆ, ಮಂಜಿನ ಮೇಲೆ ನಮ್ಮ ನೆರಳು ಬಿದ್ದು ತಲೆಯ ಸುತ್ತ ಬಣ್ಣದ ಬಳೆ ಮೂಡುತ್ತದೆ. ಪ್ರತಿಯೊಬ್ಬರಿಗೂ ಕಾಣುವುದು ತಮ್ಮ ತಲೆಯ ಸುತ್ತ ಮಾತ್ರ, ಪಕ್ಕದವರ ತಲೆಗೆ ಇಲ್ಲ! ಜರ್ಮನಿಯ ಬ್ರೋಕನ್ ಬೆಟ್ಟದ ಹೆಸರಿನಲ್ಲಿ ಇದು ಪ್ರಸಿದ್ಧ, ನಮ್ಮ ಬೆಟ್ಟಗಳಲ್ಲೂ ಆಗುತ್ತದೆ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಲೇಖನ ಅದನ್ನೇ ಅರ್ಧ ಪುಟ ಹೇಳಿತ್ತು. ಮೊಬೈಲ್‌ನವರಿಗೆ ಒಂದೇ ಮಾತು: ಪರದೆಯಲ್ಲಿ ಬೆಳಕಿರುವ ಮೋಡವನ್ನು ಒತ್ತಿ ಹಿಡಿದು ಎಕ್ಸ್‌ಪೋಶರ್ (ಫೋಟೊ ಎಷ್ಟು ಬೆಳಕಾಗಿ ಬರಬೇಕು ಅನ್ನುವುದು) ಲಾಕ್ ಮಾಡಿ, ಸ್ವಲ್ಪ ಕಡಿಮೆ ಮಾಡಿ, ಆಮೇಲೆ ಕ್ಲಿಕ್ಕಿಸಿ. ದೊಡ್ಡ ಕ್ಯಾಮೆರಾದವರು ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಸೆಟ್ಟಿಂಗನ್ನು ಆಟೊದಿಂದ ತೆಗೆದು ಡೇಲೈಟ್‌ಗೆ ಹಾಕಿ, ಇಲ್ಲದಿದ್ದರೆ ನೀವು ಅಷ್ಟು ಬೇಗ ಎದ್ದು ಹೋಗಿ ತಂದ ಬಣ್ಣವನ್ನು ಅದು ತಪ್ಪು ಅಂದುಕೊಂಡು ಸರಿಪಡಿಸಿಬಿಡುತ್ತದೆ. ಎಸಿ ಕಾರಿನಿಂದ ಇಳಿದ ತಕ್ಷಣ ಲೆನ್ಸ್ ತೆರೆಯಬೇಡಿ, ಹಬೆ ಕಟ್ಟುತ್ತದೆ. ಟೆಲಿ ಲೆನ್ಸ್ ಹಾಕಿದ ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಸೂರ್ಯನನ್ನು ನೇರ ನೋಡಬೇಡಿ, ಕಣ್ಣು ಹೋಗುತ್ತದೆ.

ಇಷ್ಟೆಲ್ಲ ಬರೆದದ್ದು ಯಾಕೆಂದರೆ, ಮೋಡವಿಲ್ಲದ ಭಾನುವಾರ ಹೋಗಿ ಅಂತ ಪತ್ರಿಕೆ ಬರೆದರೆ ಎಲ್ಲರೂ ಅದೇ ಭಾನುವಾರ ಹೋಗುತ್ತಾರೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ಸೇರಿದ್ದನ್ನೂ, ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿದ್ದನ್ನೂ ಎಲ್ಲ ಪತ್ರಿಕೆಗಳೂ ವರದಿ ಮಾಡಿದ್ದವು. ಜಾಗದ ಪಟ್ಟಿ ಓದಿದವರು ಜಾಗಕ್ಕೆ ಹೋಗುತ್ತಾರೆ. ಹವಾಮಾನದ ವಿವರ ಓದಿದವರು, ಬುಧವಾರ ಚೆನ್ನಾಗಿದೆ ಅಂತ ಕಂಡರೆ ಬುಧವಾರ ಹೋಗಬಹುದು, ಅಥವಾ ಮನೆ ಟೆರೇಸ್ ಮೇಲೇ ನಿಲ್ಲಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ದಿನಾ ನೀವು ಹಾಕುವ ಹವಾಮಾನದ ಚೌಕದಲ್ಲಿ ನಗರದ ಗರಿಷ್ಠ, ಕನಿಷ್ಠ ತಾಪಮಾನ, ಸೂರ್ಯೋದಯ, ಸೂರ್ಯಾಸ್ತ ಇರುತ್ತದೆ. ಅದರ ಜೊತೆಗೆ ನಸುಕು ಶುರುವಾಗುವ ಸಮಯ, ಬೆಳಗಿನ ಜಾವದ ಗಾಳಿಯ ವೇಗ, ತೇವಾಂಶ, ಪೂರ್ವ ಕರಾವಳಿಯಲ್ಲಿ ಮೋಡ ಇದೆಯೋ ಇಲ್ಲವೋ, ಇವನ್ನೂ ಸೇರಿಸಿ. ನಗರದ್ದು ಮಾತ್ರ ಅಲ್ಲ, ಚಿಕ್ಕಬಳ್ಳಾಪುರ, ರಾಮನಗರ, ಚಿಕ್ಕಮಗಳೂರಿನದ್ದೂ. ಮಾಹಿತಿಗೆ ಬರವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಯಲಹಂಕದಲ್ಲೇ ಇದೆ, ಹೋಬಳಿ ಮಟ್ಟದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ಇಟ್ಟಿದೆ, ರೈತರಿಗಾಗಿ ವರುಣ ಮಿತ್ರ ಸಹಾಯವಾಣಿ ನಡೆಸುತ್ತಿದೆ. ಮೋಡ ನೋಡಿ ಎರಡು ಸಾಲು ಬರೆದುಕೊಡುವವರು ಬೇಕಿದ್ದರೆ 1971ರಿಂದ ಇದೇ ಊರಿನಲ್ಲಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯವರನ್ನು ಕೇಳಿ ನೋಡಿ. ಇದು ಬರೀ ಫೋಟೊದವರಿಗೆ ಅಂತಲೂ ಅಲ್ಲ, ಬೆಳಗಿನ ಮಂಜಿನಲ್ಲಿ ಬಳ್ಳಾರಿ ರಸ್ತೆಯಲ್ಲಿ ಗಾಡಿ ಓಡಿಸುವವರಿಗೂ, ದ್ರಾಕ್ಷಿ ಬೆಳೆಯುವವರಿಗೂ ಬೇಕಾದ ವಿವರವೇ.

ಜಾಗ ಇಲ್ಲ ಅನ್ನಬೇಡಿ. ಪಕ್ಕದಲ್ಲೇ ರಾಶಿಫಲ ಹನ್ನೆರಡು ರಾಶಿಗೂ ಬರುತ್ತಿದೆ, ನನ್ನದು ವೃಶ್ಚಿಕ, ಅದನ್ನು ಬೇಕಾದರೆ ತೆಗೆದುಬಿಡಿ, ನನ್ನದೇನೂ ಅಭ್ಯಂತರವಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗ,
ಮಲ್ಲೇಶ್ವರ, ಬೆಂಗಳೂರು