ಜಪಾನ್ ಪ್ರವಾಸ: ಭಾನುವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ನವೆಂಬರ್ ಪ್ರವಾಸಕ್ಕೆ ಹೆಸರು ಕೊಟ್ಟವರಿಗಾಗಿ ಈ ಸೂಚನೆ.

ಟೋಕಿಯೊದ ಸೆನ್ಸೋಜಿ ಬೌದ್ಧ ದೇವಾಲಯ ನೋಡಿಕೊಂಡು ಬುಲೆಟ್ ರೈಲಿನಲ್ಲಿ ಕ್ಯೋಟೊಗೆ ಹೋಗುತ್ತೇವೆ. ಅಲ್ಲಿ ನಾಲ್ಕು ರಾತ್ರಿ. ಜಾಸ್ತಿ ಅನ್ನಿಸಬಹುದು, ಆದರೆ ಕ್ಯೋಟೊವನ್ನು ಅವಸರದಲ್ಲಿ ನೋಡಬಾರದು. ಅಲ್ಲಿನ ಫುಶಿಮಿ ಇನಾರಿ ದೇಗುಲ ಹಗಲೂ ರಾತ್ರಿ ತೆರೆದಿರುತ್ತದೆ. ಬೆಳಗ್ಗೆ 6ಕ್ಕೇ ಹೋದರೆ ಅಲ್ಲಿನ ಕೆಂಪು ‘ತೋರಿ’ ಕಮಾನು ಬಾಗಿಲುಗಳ ಸಾಲಿನಲ್ಲಿ ನೆಮ್ಮದಿಯಾಗಿ ನಡೆಯಬಹುದು. ಒಂದು ದಿನ ನಾರಾ ನಗರಕ್ಕೆ. ತೋದಾಯ್‌ಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ, ಬಿಡೋ ಹಾಗೇ ಇಲ್ಲ! ಕೊನೆಗೆ ಹಿರೋಶಿಮಾ.

ಬ್ಯಾಗ್ ವಿಷಯ ಮರೆಯಬೇಡಿ. ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಬುಲೆಟ್ ರೈಲಿನಲ್ಲಿ ಅದಕ್ಕೆಂದೇ ಇರುವ ಸೀಟನ್ನು ಮೊದಲೇ ಕಾಯ್ದಿರಿಸಬೇಕು. ಈಗಲೇ ಅಳತೆ ಮಾಡಿ. ಪಾಸ್‌ಪೋರ್ಟ್ ಅವಧಿಯನ್ನೂ ನೋಡಿಕೊಳ್ಳಿ.

ಎಷ್ಟು ಜನ ಬರುತ್ತೀರಿ, ದೊಡ್ಡ ಬ್ಯಾಗ್ ಇದೆಯಾ, ಮೆಟ್ಟಿಲು ಹತ್ತಲು ಕಷ್ಟವಿರುವ ಹಿರಿಯರು ಇದ್ದಾರಾ, ಇಷ್ಟನ್ನು ಭಾನುವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಸೋಮವಾರ ಹೋಟೆಲ್ ಬುಕ್ ಮಾಡುತ್ತೇನೆ.