ಪುಣೆಯಿಂದ ಸ್ಯಾನ್ಸುಯಿ ಸಮಾಚಾರ

ತೀರ್ಥರೂಪ ಅಪ್ಪನವರಿಗೆ ಮಗಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಅವ್ವನ ಮೊಣಕಾಲು ನೋವು ಈಗ ಹೇಗಿದೆ, ತಿಳಿಸಿ.

ಮೊನ್ನೆ ಫೋನಿನಲ್ಲಿ "ಏನಾತು ಅದರ ಕಥಿ?" ಅಂತ ಕೇಳಿದಾಗ ಆಫೀಸಿನಲ್ಲಿದ್ದೆ, ಪೂರ್ತಿ ಹೇಳಲಾಗಲಿಲ್ಲ. ನಮ್ಮ ಹಳೇ ಸ್ಯಾನ್ಸುಯಿ ರಿಸೀವರ್, ರೇಡಿಯೋ ಆಂಪ್ಲಿಫೈಯರ್ ಎರಡೂ ಒಂದೇ ಡಬ್ಬಿಯಲ್ಲಿರುವುದು, ಹಾಡುತ್ತಿದೆ, ಎರಡೂ ಸ್ಪೀಕರಿನಲ್ಲಿ. ಆದರೆ ಒಳಗೆ ಹೊಸ ಬೋರ್ಡು ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ತಮ್ಮನಿಗೆ ಇದನ್ನು ನೀವೇ ಹೇಳಿಬಿಡಿ. ಬುಧವಾರ ಪೇಠದ ತಾಪಕೀರ್ ಗಲ್ಲಿಯಲ್ಲಿ ಒಬ್ಬರು, ಒಳಗಿನದೆಲ್ಲ ಕಿತ್ತು ಬ್ಲೂಟೂತ್ ಕಿಟ್ ಕೂರಿಸಿಕೊಡುತ್ತೇನೆ, ಡಬ್ಬಿ ಹಾಗೇ ಇರುತ್ತದೆ ಎಂದರು. ಬರೀ ಡಬ್ಬಿಗಾಗಿ ಕಾಕಾ ಕುವೈತಿನಿಂದ ಅಷ್ಟು ಭಾರ ಹೊತ್ತು ತಂದರೇ? ಅದೇ ಗಲ್ಲಿಯಲ್ಲಿ ಬೇರೆ ಕಡೆ ಕೆಪಾಸಿಟರ್, ಅಂದರೆ ಚಾರ್ಜು ಹಿಡಿದಿಟ್ಟುಕೊಳ್ಳುವ ಪುಟ್ಟ ಬಿಡಿಭಾಗ, ಅಷ್ಟನ್ನು ಮಾತ್ರ ಕೊಂಡು ಮನೆಗೆ ಬಂದೆ.

ಅದಕ್ಕೆ ಆಗಿದ್ದು ವಯಸ್ಸು, ಅಷ್ಟೇ. ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ಟ್ರಾನ್ಸಿಸ್ಟರ್ ಎಲ್ಲ ಗಟ್ಟಿಯಾಗಿವೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗಿನ ದ್ರವ ಮಾತ್ರ ಇಷ್ಟು ವರ್ಷದಲ್ಲಿ ಒಣಗಿಹೋಗುತ್ತದೆ. ಮನ್ಸೂರರ ರೆಕಾರ್ಡು ಹಾಕಿದಾಗಲೆಲ್ಲ ತಂಬೂರಿ ಸರಿಯಾಗಿ ಕೂಡಿಲ್ಲ ಅಂತ ಗೊಣಗುತ್ತಿದ್ದಿರಲ್ಲ, ಪಾಪ, ತಂಬೂರಿಯದೇನೂ ತಪ್ಪಿರಲಿಲ್ಲ. ನಮ್ಮ 50 ಹರ್ಟ್ಸ್ ಎಸಿ ಕರೆಂಟು, ಅದನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ 100 ಹರ್ಟ್ಸಿನ ಅಲೆಯಾಗುತ್ತದೆ. ಅದನ್ನು ನುಂಗಬೇಕಾದ ದೊಡ್ಡ ಫಿಲ್ಟರ್ ಕೆಪಾಸಿಟರ್ ಸೋತಿತ್ತು. ನೀವು ಕೇಳುತ್ತಿದ್ದ ಗುಂಯ್ ಅದೇ.

ಅವ್ವ ಹೆದರದಿರಲಿ, ನೇರವಾಗಿ ಪ್ಲಗ್ಗಿಗೆ ಕೈ ಹಾಕಲಿಲ್ಲ. 60 ವ್ಯಾಟಿನ ಹಳೇ ತಂತಿ ಬಲ್ಬೊಂದನ್ನು ಸೀರೀಸಿನಲ್ಲಿ ಕಟ್ಟಿ, ಅದರ ಮೂಲಕ ಕರೆಂಟು ಕೊಟ್ಟೆ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಝಗ್ಗೆಂದು ಉರಿಯುತ್ತಲೇ ಇರುತ್ತದೆ, ರಿಸೀವರ್ ಉಳಿಯುತ್ತದೆ. ನಮ್ಮದರಲ್ಲಿ ಒಮ್ಮೆ ಹೊಳೆದು ನಿಧಾನವಾಗಿ ಮಂಕಾಯಿತು. ಆಮೇಲೆ ಪ್ಲಗ್ ಕಿತ್ತು, ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ರೆಸಿಸ್ಟರ್ ಹಿಡಿದು ಇಳಿಸಿ, ಒಂದೊಂದನ್ನೇ ಬಿಚ್ಚಿ ಹೊಸದನ್ನು ಬೆಸೆದೆ. ಮೈಮೇಲಿನ ಪಟ್ಟಿ ಮೈನಸ್ ಕಡೆಗೇ ಬರಬೇಕು, ವೋಲ್ಟೇಜು ಹಳೆಯದಕ್ಕಿಂತ ಕಡಿಮೆ ಇರಬಾರದು. ಸ್ಪೀಕರಿಗೆ ಡಿಸಿ ಕರೆಂಟು ಹರಿದರೆ ಅದು ಕೆಡುತ್ತದೆ, ಅದಕ್ಕೇ ಜೋಡಿಸುವ ಮುಂಚೆ ಎರಡೂ ಕಡೆ ಡಿಸಿ ಅಳೆದೆ. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ, ಎರಡೂ ಒಳಗೇ ಇದ್ದವು. ಆನ್ ಮಾಡಿ ಕೆಲವು ಸೆಕೆಂಡಾದ ಮೇಲೆ, ಸ್ಪೀಕರಿಗೆ ದಾರಿ ಬಿಡುವ ಸ್ವಿಚ್ಚು, ಅದೇ ರಿಲೇ, ಟಿಕ್ ಎಂದಾಗ ಇವರೂ ಪೇಪರ್ ಮಡಚಿಟ್ಟು ಎದ್ದು ಬಂದರು.

ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿದ್ದದ್ದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿದ ಮೇಲೆ ನಿಂತಿತು. ಅದರೊಳಗೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟವರು ಯಾರು ಅಂತ ನಾನು ಕೇಳುವುದಿಲ್ಲ. ಡಯಲ್ ಗಾಜಿನ ಒಳಮೈ ಮುಟ್ಟಲಿಲ್ಲ, ಒರೆಸಿದರೆ ಅಂಕಿಗಳೇ ಎದ್ದು ಬರುತ್ತವೆ. ದೀಪಗಳಿಗೂ ಹಳೇ ತರದ ಬಲ್ಬುಗಳನ್ನೇ ಹಾಕಿದೆ. ಬಿಳಿ ಎಲ್‌ಇಡಿ ಹಾಕಿದವರ ಸೆಟ್ಟು ನೋಡಿದ್ದೇನೆ, ಡಯಲ್ಲು ಆಸ್ಪತ್ರೆಯ ವಾರ್ಡಿನ ಹಾಗೆ ಕಾಣುತ್ತದೆ. ಹಿಂದಿನ ವೋಲ್ಟೇಜ್ ಸೆಲೆಕ್ಟರ್ 220ಕ್ಕಿತ್ತು, 240ಕ್ಕೆ ತಿರುಗಿಸಿದ್ದೇನೆ. ನಮ್ಮ ಮನೆಯಲ್ಲಿ ಕರೆಂಟು ಅದರ ಹತ್ತಿರವೇ ಇರುತ್ತದೆ.

ಎಫ್‌ಎಂ ಸೊಗಸಾಗಿ ಬರುತ್ತಿದೆ, 101ರಲ್ಲಿ ವಿವಿಧ ಭಾರತಿ. ರಾತ್ರಿ ಮೀಡಿಯಂ ವೇವಿನಲ್ಲಿ 765 ಕಿಲೋಹರ್ಟ್ಸಿಗೆ ಮುಳ್ಳು ತಂದು ಧಾರವಾಡ ಆಕಾಶವಾಣಿ ಹುಡುಕಿದೆ. ಪಕ್ಕದಲ್ಲೇ 792ರ ಪುಣೆ, ಸಾಲದ್ದಕ್ಕೆ ಇಡೀ ಅಪಾರ್ಟ್‌ಮೆಂಟಿನ ಚಾರ್ಜರ್, ಎಲ್‌ಇಡಿಗಳ ಗೊರಗೊರ. ಸಿಗಲಿಲ್ಲ.

ಇಷ್ಟು ದಿನ ಫೋನಿನಿಂದ ಹಾಡು ಕೊಟ್ಟೇ ನೋಡಿದ್ದೇನೆ. ರೆಕಾರ್ಡಿಗೆಂದೇ ಇರುವ ಫೋನೋ ಭಾಗದ ಪರೀಕ್ಷೆಗೆ ನಿಮ್ಮ ರೆಕಾರ್ಡ್ ಪ್ಲೇಯರೇ ಬೇಕು. ಮಾಮಾ ದೀಪಾವಳಿಗೆ ಇಲ್ಲಿಗೆ ಬರುವಾಗ ಕೊಟ್ಟು ಕಳಿಸಿ. ತೋಳನ್ನು ದಾರದಿಂದ ಕಟ್ಟಿ, ಮುಳ್ಳಿಗೆ ಮುಚ್ಚಳ ಹಾಕಿ. ಹಿಂದೆ ಗುಂಯ್ ಸದ್ದು ತಡೆಯುವ ತೆಳ್ಳನೆಯ ಗ್ರೌಂಡ್ ವೈರೊಂದು ಜೋತಾಡುತ್ತದೆ, ದಂಡ ಅಂತ ತಮ್ಮ ಕತ್ತರಿಸಿಬಿಟ್ಟಾನು, ನೋಡಿಕೊಳ್ಳಿ. ರೆಕಾರ್ಡುಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಕಟ್ಟಿ. ಯಾವ ಯಾವುದು ಕಳಿಸಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಜಾಗ ಮಿಕ್ಕರೆ ಅವ್ವನ ಮೆಂತ್ಯದ ಹಿಟ್ಟೂ ಇರಲಿ.

ಇಂತಿ ನಿಮ್ಮ ಮಗಳು